ಮೊದಲ ಮಾರಾಟ ಯಾರ ಕೈಯಲ್ಲಿ: ಮರಿಯನಾಡಿನ ಮೀನುಗಾರರ ಸಾಲದ ಪ್ರಕರಣ

ತಿರುವನಂತಪುರದಿಂದ ಉತ್ತರಕ್ಕೆ ಕಡಲ ದಂಡೆಯ ಗುಂಟ ಸುಮಾರು ಇಪ್ಪತ್ತು ಕಿಲೋಮೀಟರು ಹೋದರೆ ಮರಿಯನಾಡು ಎಂಬ ಮೀನುಗಾರರ ಊರು ಸಿಗುತ್ತದೆ. 1960ರ ದಶಕದ ಆರಂಭದಲ್ಲಿ ತಿರುವನಂತಪುರ ಧರ್ಮಪ್ರಾಂತ್ಯದ ಸಮಾಜಸೇವಾ ಸಂಸ್ಥೆಯು ಕಿಕ್ಕಿರಿದ ಕಡಲೂರುಗಳ ಬಡ ಕುಟುಂಬಗಳನ್ನು ಕರೆತಂದು ನೆಲೆಗೊಳಿಸಿದ ಊರು ಅದು. ಮನೆಗಳು ಎದ್ದವು, ಸಮುದಾಯದ ಕಾರ್ಯಕರ್ತರು ಅಲ್ಲೇ ಉಳಿದು ಕೆಲಸ ಮಾಡಿದರು. ಆದರೆ ಊರಿನವರ ಕೈಯಲ್ಲಿ ಕಾಸು ಮಾತ್ರ ನಿಲ್ಲಲಿಲ್ಲ. ಕಡಲು ಬರಿದಾಗಿದೆ ಎನ್ನುವಂತಿರಲಿಲ್ಲ. ಹಿಡಿದ ಮೀನಿಗೆ ಬೆಲೆಯೇ ಇಲ್ಲ ಎನ್ನುವಂತೆಯೂ ಇರಲಿಲ್ಲ. 1953ರಲ್ಲಿ ಕೊಲ್ಲಂ ಬಳಿಯ ನೀಂಡಕರ ಭಾಗದಲ್ಲಿ ನಾರ್ವೆಯ ನೆರವಿನಿಂದ ಶುರುವಾದ ಇಂಡೋ-ನಾರ್ವೇಜಿಯನ್ ಮೀನುಗಾರಿಕೆ ಯೋಜನೆಯ ಬೆನ್ನಿಗೆ ಕೇರಳದ ಸಿಗಡಿ ಹೊರದೇಶಗಳಿಗೆ ಹೋಗತೊಡಗಿ, ಮೀನು ವ್ಯಾಪಾರಕ್ಕೆ ಹೊಸ ಹಣ ಹರಿದುಬಂದಿದ್ದ ಕಾಲವದು. ಹಾಗಿದ್ದೂ ಕಟ್ಟುಮರದ, ಅಂದರೆ ದಿಮ್ಮಿಗಳನ್ನು ಬಿಗಿದು ಕಟ್ಟಿದ ತೆಪ್ಪದ, ಮೇಲೆ ಕಡಲಿಗಿಳಿಯುವವನ ಮನೆಗೆ ಆ ಹಣ ಏಕೆ ಮುಟ್ಟಲಿಲ್ಲ ಎಂಬ ಪ್ರಶ್ನೆಗೆ ಉತ್ತರ ಹುಡುಕುತ್ತ ಹೋದವರಿಗೆ ಸಿಕ್ಕಿದ್ದು ಸಾಲ; ಅದರಲ್ಲೂ ಸಾಲದ ಬಡ್ಡಿಗಿಂತ ಹೆಚ್ಚಾಗಿ ಅದಕ್ಕೆ ಅಂಟಿಕೊಂಡಿದ್ದ ಒಂದು ಕರಾರು.

ಆ ಕರಾರನ್ನು ಅರ್ಥಮಾಡಿಕೊಳ್ಳಲು ಬೆಳಗಿನ ದಂಡೆಯನ್ನು ನೋಡಬೇಕು. ಬಂದರಿಲ್ಲದ, ಅಲೆ ಒಡೆಯುವ ತೆರೆದ ದಂಡೆ ಅದು. ಕಟ್ಟುಮರ ತೆರೆಯ ಮೇಲೆ ಜಾರಿಬಂದು ಮರಳಿಗೆ ತಾಗುತ್ತಿದ್ದಂತೆ ಬಲೆಯಿಂದ ಬಿಡಿಸಿದ ಮೀನು ಮರಳ ಮೇಲೆ ರಾಶಿ ಬೀಳುತ್ತದೆ, ಸುತ್ತ ವ್ಯಾಪಾರಿಗಳೂ ಬುಟ್ಟಿ ಹಿಡಿದ ಹೆಂಗಸರೂ ಸೇರುತ್ತಾರೆ, ಏಲಂ ಕೂಗುವವನು ಒಂದು ಮೊತ್ತ ಹೇಳಿ ಮೇಲೇರಿಸುತ್ತಾನೆ, ಕೆಲವೇ ನಿಮಿಷಗಳಲ್ಲಿ ರಾಶಿ ಕೈ ಬದಲಾಗುತ್ತದೆ. ತೂಕವಿಲ್ಲ, ರಶೀದಿಯಿಲ್ಲ, ಕಣ್ಣಳತೆಯೇ ಅಳತೆ. ಏಲಂ ಕೂಗುವವನು ಬಹಳ ಸಲ ಆ ಮೀನುಗಾರನಿಗೆ ಬಲೆಗೋ ಮರಕ್ಕೋ ಮಗಳ ಮದುವೆಗೋ ಹಣ ಕೊಟ್ಟವನೇ ಆಗಿರುತ್ತಾನೆ, ಇಲ್ಲವೇ ಕೊಟ್ಟವನ ಕಡೆಯವನಾಗಿರುತ್ತಾನೆ. ಕೇರಳದ ದಂಡೆಯಲ್ಲಿ ಇಂಥ ದಲ್ಲಾಳಿಯನ್ನು ತರಕನ್ ಎನ್ನುತ್ತಾರೆ. ಅವನು ಕೊಟ್ಟ ಹಣಕ್ಕೆ ಬಡ್ಡಿ ಎಂಬ ಹೆಸರಿನಲ್ಲಿ ಏನನ್ನೂ ಕೇಳದೆ ಇರಬಹುದು. ಅವನು ಕೇಳುವುದು ಒಂದೇ: ಸಾಲ ತೀರುವವರೆಗೆ ಹಿಡಿದ ಮೀನೆಲ್ಲ ತನ್ನ ಮೂಲಕವೇ ಏಲಂ ಆಗಬೇಕು, ಪ್ರತಿ ದಿನದ ಮಾರಾಟದಲ್ಲಿ ತನ್ನ ಪಾಲು ಮುರಿದುಕೊಂಡೇ ಉಳಿದದ್ದು ಮೀನುಗಾರನಿಗೆ ಸೇರಬೇಕು.

ಹೀಗೆ ಮುರಿದುಕೊಂಡ ಪಾಲು ಸಾಲದ ಅಸಲಿಗೆ ಜಮೆಯಾಗುತ್ತಿರಲಿಲ್ಲ. ಮೀನುಗಾರನು ನಲವತ್ತು ಸಾವಿರ ರೂಪಾಯಿ ಪಡೆದಿದ್ದಾನೆ, ತರಕನ್ ಪ್ರತಿ ಮಾರಾಟದಲ್ಲಿ ಶೇ 10 ಹಿಡಿದುಕೊಳ್ಳುತ್ತಾನೆ ಎಂದಿಟ್ಟುಕೊಳ್ಳೋಣ. ಒಟ್ಟು ನಾಲ್ಕು ಲಕ್ಷ ರೂಪಾಯಿಯ ಮೀನು ಮಾರಾಟವಾಗುವ ಹೊತ್ತಿಗೆ ನಲವತ್ತು ಸಾವಿರವೂ ತರಕನ್‌ಗೆ ಮರಳಿರುತ್ತದೆ. ಆದರೆ ಲೆಕ್ಕದಲ್ಲಿ ಸಾಲ ಇನ್ನೂ ನಲವತ್ತು ಸಾವಿರವೇ. ಇದರಿಂದ ಬಿಡಿಸಿಕೊಳ್ಳಬೇಕಾದರೆ ಇಡೀ ಅಸಲನ್ನು ಒಂದೇ ಗಂಟಿನಲ್ಲಿ ತಂದಿಡಬೇಕು, ಮತ್ತು ಅಂಥ ಗಂಟು ಅವನ ಕೈಯಲ್ಲಿ ಕೂಡುವುದೇ ಇಲ್ಲ. ಇನ್ನೂ ಸೂಕ್ಷ್ಮವಾದ ಮಾತೆಂದರೆ, ಸಾಲ ತೀರುವುದು ತರಕನ್‌ಗೂ ಬೇಕಾಗಿರುವುದಿಲ್ಲ. ಬ್ಯಾಂಕಿನವರಿಗೆ ಸಾಲ ವಸೂಲಾದರೆ ನೆಮ್ಮದಿ. ಇವನಿಗೆ ವಸೂಲಾಗದೆ ಉಳಿದರೇ ನೆಮ್ಮದಿ, ಏಕೆಂದರೆ ಸಾಲ ಇರುವಷ್ಟು ಕಾಲ ಮೀನು ಅವನ ಕಡೆಗೇ ಬರುತ್ತದೆ. ಏಲಂ ಕೂಗುವವನೇ ಸಾಲ ಕೊಟ್ಟವನಾದ್ದರಿಂದ ದರ ಕಡಿಮೆಯಾಯಿತೆಂದು ತಕರಾರು ಎತ್ತುವ ಧೈರ್ಯವೂ ಇರುವುದಿಲ್ಲ. ಹಣ ಅಂದೇ ಕೈಗೆ ಬರುವ ಖಾತರಿಯಂತೂ ಇಲ್ಲ. ಮೀನು ಕೊಂಡ ವ್ಯಾಪಾರಿ ಪೇಟೆಯಲ್ಲಿ ಮಾರಿ ಬಂದ ಮೇಲೆ ಎನ್ನುವ ಮಾತು ದಿನಗಟ್ಟಲೆ ಎಳೆಯುತ್ತದೆ.

ಬ್ಯಾಂಕುಗಳು ಈ ಜಾಗಕ್ಕೆ ಏಕೆ ಬರಲಿಲ್ಲ ಎಂಬುದಕ್ಕೆ ದೊಡ್ಡ ವಿವರಣೆ ಬೇಕಿಲ್ಲ. ಅಡವಿಡಲು ಜಮೀನಿಲ್ಲ, ಮನೆ ನಿಂತ ನೆಲಕ್ಕೆ ಬಹಳ ಸಲ ಪಟ್ಟಾ ಇಲ್ಲ, ಇರುವ ಆಸ್ತಿ ದಿನಾ ಕಡಲಿನೊಳಗೆ ಹೋಗಿಬರುತ್ತದೆ, ಆದಾಯವೋ ಒಂದು ದಿನ ಸಾವಿರ, ಮರುದಿನ ಸೊನ್ನೆ. ಇಂಥವರಿಗೆ ತಿಂಗಳ ಕಂತು ಕಟ್ಟಿ ಸಾಲ ಕೊಟ್ಟರೆ ಆಗುವುದೇನೆಂದರೆ, ಕಂತಿನ ತಾರೀಖು ಮುಂಗಾರಿನ ಬಿರುಗಾಳಿಯ ವಾರದಲ್ಲಿ ಬೀಳುತ್ತದೆ, ಮೀನುಗಾರ ಸುಸ್ತಿದಾರನಾಗುತ್ತಾನೆ, ಮೀನುಗಾರರಿಗೆ ಸಾಲ ಕೊಡಬಾರದೆಂಬ ಅಭಿಪ್ರಾಯ ಶಾಖೆಯಲ್ಲಿ ಗಟ್ಟಿಯಾಗುತ್ತದೆ. ಸರ್ಕಾರ ಮಾಡಿಸಿದ್ದ ಮೀನುಗಾರರ ಸಹಕಾರ ಸಂಘಗಳೂ ಆಗ ಇದ್ದವು. ಅವುಗಳಲ್ಲಿ ಹಲವು ಕಾಗದದ ಮೇಲೆ ಮಾತ್ರ ಬದುಕಿದ್ದವು, ಇನ್ನು ಕೆಲವು ವ್ಯಾಪಾರಿಗಳ ಹಿಡಿತದಲ್ಲಿದ್ದವು.

ಇಲ್ಲಿ ತರಕನ್‌ನ ಪರವಾಗಿಯೂ ಒಂದು ಮಾತು ಹೇಳಬೇಕಾಗುತ್ತದೆ, ಏಕೆಂದರೆ ಅದನ್ನು ಬಿಟ್ಟರೆ ಮುಂದಿನ ಕಥೆ ಅರ್ಥವಾಗುವುದಿಲ್ಲ. ಅವನು ಅರ್ಜಿ ತುಂಬಿಸುತ್ತಿರಲಿಲ್ಲ. ರಾತ್ರಿ ಹೊತ್ತಲ್ಲಿ ಮನೆಯಲ್ಲಿ ಕಾಯಿಲೆ ಎಂದರೆ ರಾತ್ರಿಯೇ ಹಣ ಎಣಿಸುತ್ತಿದ್ದ. ಮದುವೆಗೆ ಕೊಟ್ಟ, ಮನೆಯ ಮಾಡಿಗೆ ಕೊಟ್ಟ, ‘ಇದು ಉತ್ಪಾದಕ ಉದ್ದೇಶವೇ’ ಎಂದು ಕೇಳಲಿಲ್ಲ. ಎಲ್ಲಕ್ಕಿಂತ ಮುಖ್ಯವಾಗಿ, ಮೀನು ಬೀಳದ ದಿನ ಅವನು ಏನನ್ನೂ ಕೇಳುತ್ತಿರಲಿಲ್ಲ. ಸಾಲ ತೀರಿಸುವ ಹೊರೆ ಕಡಲಿನ ಜೊತೆಗೇ ಏರಿ ಇಳಿಯುತ್ತಿತ್ತು. ಬಡ್ಡಿ ಕಡಿಮೆ ಮಾಡಿ ಮೀನುಗಾರನನ್ನು ಉದ್ಧರಿಸಲು ಹೊರಟ ಯೋಜನೆಗಳು ಮತ್ತೆ ಮತ್ತೆ ಸೋತದ್ದು ಈ ಒಂದು ಗುಣವನ್ನು ಗಮನಿಸದೆ ಹೋದದ್ದರಿಂದ ಎಂದು ನನಗೆ ಅನಿಸುತ್ತದೆ.

ಸಂಘ ಮಾಡಿದ್ದೇನು

1970ರ ಹೊತ್ತಿಗೆ ಮರಿಯನಾಡಿನಲ್ಲಿ ಮೀನುಗಾರರದೇ ಸಹಕಾರ ಸಂಘವೊಂದು ಕೆಲಸಕ್ಕಿಳಿಯಿತು. ಊರಿನಲ್ಲಿ ನೆಲೆಸಿದ್ದ ನಳಿನಿ ನಾಯಕ್ ಅವರಂಥ ಕಾರ್ಯಕರ್ತರೂ, ಆ ದಶಕದಲ್ಲಿ ಸಂಘದ ಜೊತೆ ಕೆಲಸ ಮಾಡಿದ, ಮುಂದೆ ಮೀನುಗಾರಿಕೆಯ ಅರ್ಥಶಾಸ್ತ್ರದಲ್ಲಿ ಹೆಸರಾದ ಜಾನ್ ಕುರಿಯನ್ ಅವರೂ ಈ ಪ್ರಯೋಗದ ಜೊತೆಗಿದ್ದವರು. ಸಂಘವು ಸಾಲ ಕೊಡುವುದನ್ನು ಮೊದಲ ಕೆಲಸವೆಂದು ಹಿಡಿಯದೆ ದಂಡೆಯ ಮೇಲಿನ ಏಲಮನ್ನು ಹಿಡಿಯಿತು. ಸದಸ್ಯರ ಮೀನನ್ನು ಸಂಘದ ನೌಕರನೇ ಏಲಂ ಕೂಗುತ್ತಾನೆ. ಯಾವ ವ್ಯಾಪಾರಿ ಬೇಕಾದರೂ ಸವಾಲು ಕೂಗಬಹುದು, ಆದರೆ ಕೊಂಡವನು ಹಣ ಕೊಡಬೇಕಾದದ್ದು ಸಂಘಕ್ಕೆ. ಮೀನುಗಾರನಿಗೆ ಹಣ ಕೊಡುವುದು ಸಂಘ. ಪ್ರತಿ ಮಾರಾಟವೂ ಪುಸ್ತಕದಲ್ಲಿ ದಾಖಲಾಗುತ್ತದೆ. ಹೇಳುವುದಕ್ಕೆ ಇಷ್ಟೇ. ಆದರೆ ಸಾಲ ಕೊಡುವವನನ್ನೂ ಏಲಂದಾರನನ್ನೂ ಒಬ್ಬನೇ ವ್ಯಕ್ತಿಯನ್ನಾಗಿಸಿದ್ದ ಗಂಟನ್ನು ಬಿಚ್ಚಿದ್ದು ಇದೇ.

ಸದಸ್ಯತ್ವದ ನಿಯಮವೂ ಅಷ್ಟೇ ಕಟ್ಟುನಿಟ್ಟು: ಸ್ವತಃ ಕಡಲಿಗಿಳಿದು ಮೀನು ಹಿಡಿಯುವವನು ಮಾತ್ರ ಸದಸ್ಯ. ವ್ಯಾಪಾರಿಗೆ, ದಲ್ಲಾಳಿಗೆ, ಹಣ ಹಾಕಿ ದಡದಲ್ಲಿ ಕೂರುವವನಿಗೆ ಪ್ರವೇಶವಿಲ್ಲ. ಊರಿನ ಎಲ್ಲರನ್ನೂ ಒಳಗೊಳ್ಳುವ ಸಂಘ ಎಂದು ಹೇಳಿಕೊಳ್ಳುವುದು ಕೇಳಲು ಚೆನ್ನಾಗಿರುತ್ತದೆ. ಆದರೆ ಸಾಲ ಕೊಡುವವನೂ ಸಾಲ ಪಡೆಯುವವನೂ ಒಂದೇ ಆಡಳಿತ ಮಂಡಳಿಯಲ್ಲಿ ಕುಳಿತರೆ ಯಾರ ಮಾತು ನಡೆಯುತ್ತದೆ ಎಂಬುದು ಯಾವುದೇ ಗ್ರಾಮೀಣ ಸಹಕಾರ ಸಂಘದ ವಾರ್ಷಿಕ ಮಹಾಸಭೆ ನೋಡಿದವರಿಗೆ ಗೊತ್ತಿರುತ್ತದೆ.

ಸಾಲ ಬಂದದ್ದು ಇದರ ಮೇಲೆ. ಈ ಮಾದರಿಯ ಸಂಘಗಳಲ್ಲಿ ಬಳಕೆಗೆ ಬಂದ ಕ್ರಮದಲ್ಲಿ ಪ್ರತಿ ದಿನದ ಮಾರಾಟದ ಮೊತ್ತದಿಂದ ಸಾಲ ಇರುವವರಿಗೆ ಸುಮಾರು ಶೇ 10 ಸಾಲದ ಮರುಪಾವತಿಗೆ, ಶೇ 2ರಿಂದ 3 ಅವರದೇ ಉಳಿತಾಯಕ್ಕೆ, ಶೇ 3ರ ಆಸುಪಾಸು ಸಂಘದ ಕಮಿಷನ್ನಿಗೆ ಕಡಿತವಾಗುತ್ತದೆ. ಪ್ರಮಾಣ ಊರಿಂದೂರಿಗೆ, ಕಾಲದಿಂದ ಕಾಲಕ್ಕೆ ಬದಲಾಗಿದ್ದರೂ ಚೌಕಟ್ಟು ಇದೇ. ಒಂದು ದಿನ ಎರಡು ಸಾವಿರ ರೂಪಾಯಿಯ ಮೀನು ಹೋಯಿತು ಎನ್ನಿ. ಇನ್ನೂರು ಸಾಲಕ್ಕೆ, ನಲವತ್ತು ಉಳಿತಾಯಕ್ಕೆ, ಅರವತ್ತು ಸಂಘಕ್ಕೆ ಹೋಗಿ, ಒಂದು ಸಾವಿರದ ಏಳುನೂರು ರೂಪಾಯಿ ಕೈಗೆ ಬರುತ್ತದೆ. ಮರುದಿನ ಬಲೆ ಬರಿದಾದರೆ ಕಡಿತವೂ ಇಲ್ಲ, ಸುಸ್ತಿಯೂ ಇಲ್ಲ, ನೋಟಿಸೂ ಇಲ್ಲ. ಬೂತಾಯಿ ಮೀನು ರಾಶಿ ಬಿದ್ದ ವಾರದಲ್ಲಿ ಸಾಲ ತಾನಾಗಿಯೇ ದಡದಡ ಇಳಿಯುತ್ತದೆ. ಮೇಲೆ ಹೇಳಿದ ನಲವತ್ತು ಸಾವಿರದ ಲೆಕ್ಕವನ್ನೇ ಇಲ್ಲಿಗೆ ತಂದರೆ, ನಾಲ್ಕು ಲಕ್ಷದ ಮೀನು ಮಾರುವ ಹೊತ್ತಿಗೆ ಅಸಲು ಪೂರ್ತಿ ತೀರಿರುತ್ತದೆ, ಉಳಿಯುವುದು ಬಡ್ಡಿ ಮಾತ್ರ. ತರಕನ್ ಮುರಿದುಕೊಂಡದ್ದೂ ಶೇ 10, ಸಂಘ ಮುರಿದುಕೊಂಡದ್ದೂ ಶೇ 10. ಮೊದಲನೆಯದು ಸಾಲವನ್ನು ಉಳಿಸಲು, ಎರಡನೆಯದು ಕಳೆಯಲು.

ಅಂದರೆ ಸಂಘವು ತರಕನ್‌ನ ವಿಧಾನವನ್ನು ಎಸೆಯಲಿಲ್ಲ, ಕಲಿತುಕೊಂಡಿತು. ಹಿಡಿದದ್ದರಲ್ಲಿ ಪಾಲು ಎಂಬ ಪದ್ಧತಿ ಕಡಲಿನವರಿಗೆ ಹೊಸದಲ್ಲ. ದೋಣಿಗಿಷ್ಟು, ಬಲೆಗಿಷ್ಟು, ಆಳಿಗಿಷ್ಟು ಎಂದು ಪಾಲು ಹಾಕಿಯೇ ಅವರು ಬದುಕಿದವರು. ನಮ್ಮ ಕರಾವಳಿಯ ರಾಂಪಣಿ ಬಲೆಯ ಕಾಲದಲ್ಲಿ ದಡದ ಮೇಲೆ ಹಗ್ಗ ಎಳೆದವರಿಗೆಲ್ಲ ಪಾಲು ಹಂಚುತ್ತಿದ್ದದ್ದೂ ಇದೇ ತರ್ಕದಲ್ಲಿ. ಸಾಲಕ್ಕೂ ಒಂದು ಪಾಲು ಎಂದಾಗ ಅದು ಕಂತಿನಂತೆ ಕಾಣಲಿಲ್ಲ, ಜೊತೆಗೆ ಕಡಲಿಗೆ ಬಂದ ಇನ್ನೊಬ್ಬನಂತೆ ಕಂಡಿತು.

ನೂರಕ್ಕೆ ಎರಡು ಮೂರು ರೂಪಾಯಿಯ ಆ ಉಳಿತಾಯದ ಮಹತ್ವವನ್ನೂ ಕಡೆಗಣಿಸುವಂತಿಲ್ಲ. ದಿನಗೂಲಿಯ ಲಯದಲ್ಲಿ ಬದುಕುವ ಮನೆಯಲ್ಲಿ ಉಳಿಸುವ ಮನಸ್ಸಿಲ್ಲ ಎನ್ನುವುದು ಪೇಟೆಯವರ ಹಳೆಯ ದೂರು. ಹಣ ಕೈಗೆ ಬರುವ ಮೊದಲೇ ಪಾಸ್‌ಬುಕ್ಕಿಗೆ ಹೋದಾಗ ಅದೇ ಮನೆಗಳಲ್ಲಿ ಉಳಿತಾಯ ಬೆಳೆಯಿತು. ಜೊತೆಗೆ, ವರ್ಷದುದ್ದಕ್ಕೂ ಬರೆದಿಟ್ಟ ಮಾರಾಟದ ಲೆಕ್ಕದಿಂದ ಬ್ಯಾಂಕಿಗೆ ಎಂದೂ ಸಿಗದಿದ್ದ ಒಂದು ಮಾಹಿತಿ ಸಿದ್ಧವಾಯಿತು: ಈ ಮನುಷ್ಯ ವರ್ಷಕ್ಕೆ ಎಷ್ಟು ಸಂಪಾದಿಸುತ್ತಾನೆ, ಯಾವ ತಿಂಗಳಲ್ಲಿ ಎಷ್ಟು. ಜಮೀನಿನ ಪತ್ರ ಇಲ್ಲದವನಿಗೆ ಆ ಪುಸ್ತಕವೇ ಪತ್ರವಾಯಿತು. ಬ್ಯಾಂಕುಗಳು ಸಂಘದ ಮೂಲಕ ಸಾಲ ಕೊಡಲು ಒಪ್ಪಿದ್ದರ ಹಿಂದೆ ಇದ್ದದ್ದು ಈ ಪುಸ್ತಕ ಮತ್ತು ವಸೂಲಿ ದಂಡೆಯಲ್ಲೇ ಆಗುತ್ತದೆ ಎಂಬ ಭರವಸೆ, ಅಡಮಾನವಲ್ಲ.

ಸಂಘಕ್ಕೆ ಇದು ಪುಕ್ಕಟೆ ಕೆಲಸವಾಗಿರಲಿಲ್ಲ. ವ್ಯಾಪಾರಿ ಹಣವನ್ನು ತಡವಾಗಿ ತಂದರೂ ಮೀನುಗಾರನಿಗೆ ಬೇಗ ಕೊಡಬೇಕು. ಇಲ್ಲವಾದರೆ ಅವನು ಹಳೆಯ ತರಕನ್ ಬಳಿಗೇ ಹೋಗುತ್ತಾನೆ. ಆ ನಡುವಿನ ದಿನಗಳ ಬಂಡವಾಳ ಸಂಘದ್ದೇ ಆಗಬೇಕು, ಕೈಕೊಟ್ಟ ವ್ಯಾಪಾರಿಯ ಬಾಕಿಯೂ ಸಂಘದ ತಲೆಗೇ. ಮೀನು ಅಡಿಕೆಯಲ್ಲ; ಒಂದು ಬೆಳಗ್ಗೆ ವ್ಯಾಪಾರಿಗಳೆಲ್ಲ ಒಟ್ಟಾಗಿ ಸವಾಲು ಕೂಗದೆ ನಿಂತರೆ ಮಧ್ಯಾಹ್ನದ ಹೊತ್ತಿಗೆ ರಾಶಿಯ ಬೆಲೆ ಅರ್ಧಕ್ಕಿಳಿಯುತ್ತದೆ. ಏಲಮನ್ನು ಕೈಗೆ ತೆಗೆದುಕೊಳ್ಳುವ ಸಂಘ ಈ ಅಪಾಯವನ್ನೂ ಕೈಗೆ ತೆಗೆದುಕೊಂಡಂತೆಯೇ.

ಹಬ್ಬಿದ್ದು, ಸಡಿಲಾದದ್ದು

ಮರಿಯನಾಡಿನ ಮಾದರಿಯ ಸಂಘಗಳು ತಿರುವನಂತಪುರ, ಕೊಲ್ಲಂ, ಕನ್ಯಾಕುಮಾರಿಯ ದಂಡೆಗಳಲ್ಲಿ ಒಂದೊಂದಾಗಿ ಎದ್ದು, 1980ರಲ್ಲಿ ದಕ್ಷಿಣ ಭಾರತ ಮೀನುಗಾರರ ಸಂಘಗಳ ಒಕ್ಕೂಟ, ಅಂದರೆ ಇಂದು ಸಿಫ್ಸ್ ಎಂದು ಕರೆಯಲಾಗುವ ಸಂಸ್ಥೆ, ಹುಟ್ಟಿಕೊಂಡಿತು. ಊರಿನ ಸಂಘ, ಜಿಲ್ಲೆಯ ಒಕ್ಕೂಟ, ಮೇಲೆ ಸಿಫ್ಸ್ ಎಂಬ ಮೂರು ಹಂತದ ಕಟ್ಟಡ ಅದು. ಮರ ಸಿಗುವುದು ದುಬಾರಿಯಾಗುತ್ತಿದ್ದ ಕಾಲದಲ್ಲಿ ಅದು ಪ್ಲೈವುಡ್ ದೋಣಿಗಳನ್ನು ಕಟ್ಟಿಸಿತು, ದೋಣಿಯ ಹಿಂಬದಿಗೆ ಸಿಕ್ಕಿಸುವ ಔಟ್‌ಬೋರ್ಡ್ ಎಂಜಿನ್ನುಗಳನ್ನು ತರಿಸಿ ಮಾರಿತು, ದುರಸ್ತಿ ಮಾಡಿಕೊಟ್ಟಿತು. ಕೇರಳ ಸರ್ಕಾರವು 1984ರಲ್ಲಿ ಮತ್ಸ್ಯಫೆಡ್ ಎಂಬ ರಾಜ್ಯಮಟ್ಟದ ಸಹಕಾರ ಒಕ್ಕೂಟವನ್ನು ಕಟ್ಟಿದಾಗ ದಂಡೆಯ ಏಲಂ ಮತ್ತು ಸಾಲವನ್ನು ಒಟ್ಟಿಗೆ ಹಿಡಿಯುವ ಯೋಚನೆ ಸರ್ಕಾರಿ ವಲಯಕ್ಕೂ ಬಂತು. ಬಹಳ ಕಾಲದ ನಂತರ, 2020ರ ಸುಗ್ರೀವಾಜ್ಞೆ ಮತ್ತು ಅದರ ಬೆನ್ನಿಗೆ ಬಂದ ಕಾಯ್ದೆಯ ಮೂಲಕ ಕೇರಳವು ಏಲಮಿನ ಕಮಿಷನ್ನಿಗೆ ಶೇ 5ರ ಮಿತಿ ಹಾಕಿತು. ಮರಿಯನಾಡಿನ ಸಂಘ ಕೆಲಸಕ್ಕಿಳಿದು ಅರ್ಧ ಶತಮಾನ ಕಳೆದ ಮೇಲೂ ಹೀಗೊಂದು ಕಾಯ್ದೆ ಬೇಕಾಯಿತೆಂದರೆ, ತರಕನ್ ದಂಡೆ ಬಿಟ್ಟು ಹೋಗಿಲ್ಲ ಎಂದೇ ಅರ್ಥ.

ಅವನು ಉಳಿದದ್ದು ಏಕೆ? ಒಂದು ಕಾರಣ ಎಂಜಿನ್ನೇ. ಕಟ್ಟುಮರದ ಕಾಲದಲ್ಲಿ ಬೇಕಾಗಿದ್ದ ಸಾಲ ಸಣ್ಣದು. ಔಟ್‌ಬೋರ್ಡ್ ಬಂದ ಮೇಲೆ ಎಂಜಿನ್ನಿಗೊಂದು ಸಾಲ, ದಿನದಿನದ ಸೀಮೆಎಣ್ಣೆಗೊಂದು ಸಾಲ. ಉಪ್ಪುನೀರಿನಲ್ಲಿ ದುಡಿಯುವ ಎಂಜಿನ್ನಿನ ಆಯಸ್ಸು ಕೆಲವೇ ವರ್ಷ. ಹಳೆಯದರ ಸಾಲ ತೀರುವ ಮೊದಲೇ ಹೊಸದು ಬೇಕಾಗುತ್ತದೆ. ಉತ್ತರಕ್ಕೆ, ಆಲಪ್ಪುಳದ ಕಡೆ, ಹತ್ತಾರು ಜನ ಸೇರಿ ಮೀನಿನ ಹಿಂಡನ್ನು ಸುತ್ತುವರಿದು ಹಿಡಿಯುವ ರಿಂಗ್‌ಸೀನ್ ಎಂಬ ದೊಡ್ಡ ಬಲೆಗಳು ಬಂದಾಗ ಒಂದು ತಂಡಕ್ಕೆ ಬೇಕಾದ ಬಂಡವಾಳ ಸಣ್ಣ ಸಂಘದ ಕೈಗೆ ಎಟುಕದಷ್ಟು ಬೆಳೆಯಿತು. ಅಲ್ಲಿ ಒಬ್ಬರಲ್ಲ, ಹಲವು ತರಕನ್‌ಗಳು ಸೇರಿ ಹಣ ಹಾಕುವ ಪದ್ಧತಿ ಬೇರೂರಿತು.

ಎರಡನೆಯ ಕಾರಣ ಮೀನುಗಾರ ಒಂದೇ ದಂಡೆಗೆ ಕಟ್ಟಿಹಾಕಿಕೊಂಡಿಲ್ಲ ಎಂಬುದು. ಕನ್ಯಾಕುಮಾರಿಯ ತೂತ್ತೂರು ಭಾಗದ ಆಳಸಮುದ್ರದ ಮೀನುಗಾರರು ಕೊಚ್ಚಿಯಲ್ಲೂ ನಮ್ಮ ಮಂಗಳೂರಿನಲ್ಲೂ ಮೀನು ಇಳಿಸುತ್ತಾರೆ. ಊರಿನ ಸಂಘದ ಪುಸ್ತಕ ಊರಿನಲ್ಲಿ, ಮೀನು ಮಾರುವುದು ಐನೂರು ಕಿಲೋಮೀಟರು ಆಚೆ. ಕಡಿತ ಮಾಡುವವರು ಯಾರು? ಸಾಲ ತಪ್ಪಿಸಬೇಕೆಂಬ ದುರುದ್ದೇಶ ಇಲ್ಲದೆಯೂ ಕೊಂಡಿ ಕಳಚುತ್ತದೆ. ಉದ್ದೇಶ ಇದ್ದರೆ ಪಕ್ಕದ ದಂಡೆಯಲ್ಲಿ ಮೀನು ಇಳಿಸಿದರೂ ಸಾಕು. ದಂಡೆಯಲ್ಲಿ ನಡೆಯುವ ಮೊದಲ ಮಾರಾಟದ ಮೇಲೆ ನಿಂತ ಸಾಲದ ಶಕ್ತಿಯೂ ಅದೇ, ದೌರ್ಬಲ್ಯವೂ ಅದೇ. 2004ರ ಡಿಸೆಂಬರ್ 26ರ ಸುನಾಮಿ ಈ ದೌರ್ಬಲ್ಯವನ್ನು ಬೇರೊಂದು ಬಗೆಯಲ್ಲಿ ತೋರಿಸಿತು: ದೋಣಿಯೇ ಹೋದ ಮೇಲೆ ಪಾಲು ಎಲ್ಲಿಂದ?

ಮೂರನೆಯದು ನನ್ನ ದೃಷ್ಟಿಯಲ್ಲಿ ಈ ಮಾದರಿಯೊಳಗಿನ ಲೋಪವೇ. ಕಡಲಿಗಿಳಿಯುವವನು ಮಾತ್ರ ಸದಸ್ಯ ಎಂದಾಗ ವ್ಯಾಪಾರಿಯ ಜೊತೆಗೆ ಬುಟ್ಟಿ ಹೊತ್ತು ಮೀನು ಮಾರುವ ಹೆಂಗಸೂ ಹೊರಗುಳಿದಳು. ಬೆಳಿಗ್ಗೆ ಏಲಮಿನಲ್ಲಿ ಮೀನು ಕೊಳ್ಳಲು ಅವಳಿಗೆ ನಗದು ಬೇಕು. ಬೆಳಿಗ್ಗೆ ಪಡೆದು ಸಂಜೆ ತಿರುಗಿಸುವ ದಿನಬಡ್ಡಿಯ ಸಾಲಕ್ಕಿಂತ ದುಬಾರಿ ಸಾಲ ಇಡೀ ದಂಡೆಯಲ್ಲಿ ಇನ್ನೊಂದಿಲ್ಲ. ಗಂಡನ ಸಾಲ ಸಂಘದ ಪುಸ್ತಕದಲ್ಲಿ ಇಳಿಯುತ್ತಿದ್ದ ಹೊತ್ತಿಗೆ ಹೆಂಡತಿಯ ಸಾಲ ಯಾವ ಪುಸ್ತಕಕ್ಕೂ ಹತ್ತದೆ ಬೆಳೆಯುತ್ತಿತ್ತು. ಅವರಿಗೆಂದು ಬೇರೆ ಗುಂಪುಗಳು, ಬೇರೆ ಸಾಲಗಳು ಬಂದದ್ದು ಆಮೇಲೆ. ಕರ್ನಾಟಕ ಸರ್ಕಾರವು 2023ರ ಬಜೆಟ್ಟಿನಲ್ಲಿ ಮೀನುಗಾರ ಮಹಿಳೆಯರ ಬಡ್ಡಿರಹಿತ ಸಾಲದ ಮಿತಿಯನ್ನು 50,000 ರೂಪಾಯಿಯಿಂದ 3 ಲಕ್ಷಕ್ಕೆ ಏರಿಸಿದ್ದು ಈ ದೃಷ್ಟಿಯಿಂದ ಸರಿಯಾದ ಜಾಗಕ್ಕೆ ಕೈಯಿಟ್ಟ ಕ್ರಮ.

ನಮ್ಮ ಕಡೆಗೆ ತಿರುಗಿ ನೋಡಿದರೆ

ಈ ಪ್ರಕರಣ ಕೃಷಿಕರಿಗೂ ಅಪರಿಚಿತವಲ್ಲ. ಎಪಿಎಂಸಿ ಅಂಗಳದ ದಲಾಲಿ ಅಂಗಡಿಯಿಂದ ಬೀಜ ಗೊಬ್ಬರಕ್ಕೆ ಮುಂಗಡ ಪಡೆದವನು ಬೆಳೆಯನ್ನು ಅದೇ ಅಂಗಡಿಗೆ ತರಬೇಕಾಗುವುದು ತರಕನ್ ಕರಾರಿನ ಒಣನೆಲದ ರೂಪ. ಅದಕ್ಕೆ ಎದುರಾಗಿ ನಿಂತ ಉದಾಹರಣೆಯೂ ನಮ್ಮಲ್ಲಿದೆ: ಶಿರಸಿಯಲ್ಲಿ 1923ರಲ್ಲಿ ಹುಟ್ಟಿದ ತೋಟಗಾರ್ಸ್ ಸೇಲ್ ಸೊಸೈಟಿಯಲ್ಲಿ ಅಡಿಕೆ ಬೆಳೆಗಾರ ತನ್ನ ಸಂಘಕ್ಕೇ ಅಡಿಕೆ ತರುತ್ತಾನೆ, ಸಂಘವೇ ಟೆಂಡರಿಗೆ ಹಾಕಿ ಮಾರುತ್ತದೆ, ಪಡೆದ ಸಾಲ ಆ ಮಾರಾಟದ ಹಣದಿಂದಲೇ ಸಂದಾಯವಾಗುತ್ತದೆ. ಮರಿಯನಾಡಿನವರು ಮರಳಿನ ಮೇಲೆ ಮಾಡಿದ್ದನ್ನು ಶಿರಸಿಯವರು ಅದಕ್ಕಿಂತ ಎಷ್ಟೋ ಮೊದಲೇ ವಖಾರಿಯಲ್ಲಿ ಮಾಡಿದ್ದರು. ವ್ಯತ್ಯಾಸವಿಷ್ಟೇ, ದರ ಬೀಳುವಾಗ ಅಡಿಕೆಯನ್ನು ಸಂಘದಲ್ಲಿ ಇಟ್ಟು ಅದರ ಮೇಲೆಯೇ ಹಣ ಪಡೆದು ಕಾಯಬಹುದು, ಬಂಗುಡೆ ಕಾಯುವುದಿಲ್ಲ.

ಇಂದಿನ ಸರ್ಕಾರಿ ಸಾಲದ ದಾರಿ ಬೇರೆಯೇ ಆಗಿದೆ. 2018-19ರ ಕೇಂದ್ರ ಬಜೆಟ್ಟಿನಲ್ಲಿ ಕಿಸಾನ್ ಕ್ರೆಡಿಟ್ ಕಾರ್ಡನ್ನು ಮೀನುಗಾರರಿಗೂ ವಿಸ್ತರಿಸುವ ಘೋಷಣೆ ಬಂತು, 2019ರ ಫೆಬ್ರುವರಿಯಲ್ಲಿ ರಿಸರ್ವ್ ಬ್ಯಾಂಕ್ ಮಾರ್ಗಸೂಚಿ ಹೊರಡಿಸಿತು. ಶೇ 7ರ ಬಡ್ಡಿ, ಸಕಾಲಕ್ಕೆ ಕಟ್ಟಿದರೆ ಇನ್ನೂ ಶೇ 3 ರಿಯಾಯಿತಿ. 2025ರ ಜನವರಿಯಿಂದ 2 ಲಕ್ಷದವರೆಗಿನ ಕೃಷಿ ಸಾಲಕ್ಕೆ ಅಡಮಾನವೂ ಬೇಡ. ಕರ್ನಾಟಕದ ಸಹಕಾರ ಸಂಘಗಳಲ್ಲಿ ರೈತರ ಬೆಳೆ ಸಾಲಕ್ಕೆ ಶೂನ್ಯ ಬಡ್ಡಿಯ ಮಿತಿ 2023ರಲ್ಲಿ 3 ಲಕ್ಷದಿಂದ 5 ಲಕ್ಷಕ್ಕೆ ಏರಿತು. ತರಕನ್‌ನ ಲೆಕ್ಕದ ಪಕ್ಕದಲ್ಲಿ ಇಟ್ಟರೆ ಇವು ಊಹೆಗೂ ಮೀರಿದ ಅಗ್ಗದ ಸಾಲಗಳು. ಆದರೆ ಈ ಅಗ್ಗದ ದರವೆಲ್ಲ ‘ಸಕಾಲಕ್ಕೆ’ ಎಂಬ ಒಂದು ಪದಕ್ಕೆ ತೂಗುಹಾಕಿಕೊಂಡಿದೆ. ಸಾಲ ಒಂದು ವರ್ಷದೊಳಗೆ, ಒಂದು ತಾರೀಖಿನೊಳಗೆ ಪೂರ್ತಿ ತೀರಬೇಕು. ಹಾಗೆ ತೀರಿಸಿದವನಿಗೇ ರಿಯಾಯಿತಿ, ಅವನಿಗೇ ಮರುಸಾಲ. ಆ ತಾರೀಖು ಮೀನಿನ ಲೆಕ್ಕ ನೋಡುವುದಿಲ್ಲ, ಮಳೆಯ ಲೆಕ್ಕವನ್ನೂ ನೋಡುವುದಿಲ್ಲ.

ಹಾಗಾಗಿ ಸಾಲ ನವೀಕರಣದ ಗಡುವು ಹತ್ತಿರವಾದಾಗ ಹಳ್ಳಿಗಳಲ್ಲಿ ಒಂದು ವಾರದ ವ್ಯವಹಾರ ನಡೆಯುತ್ತದೆ. ಕೈಯಲ್ಲಿ ಹಣವಿಲ್ಲದ ಸಾಲಗಾರ ಯಾರ ಬಳಿಯಾದರೂ ಕೈಸಾಲ ಮಾಡಿ ಖಾತೆಗೆ ಪೂರ್ತಿ ಕಟ್ಟುತ್ತಾನೆ, ನಾಲ್ಕೆಂಟು ದಿನಗಳಲ್ಲಿ ಹೊಸ ಸಾಲ ಮಂಜೂರಾಗುತ್ತದೆ, ಆ ಹಣ ಬಂದ ದಿನವೇ ಕೈಸಾಲ ಕೊಟ್ಟವನ ಮನೆಗೆ ಹೋಗುತ್ತದೆ, ಮೇಲೊಂದಿಷ್ಟು ಸೇರಿಸಿ. ಬ್ಯಾಂಕಿನ ಪುಸ್ತಕದಲ್ಲಿ ಅವನು ಒಳ್ಳೆಯ ಗ್ರಾಹಕ, ವಸೂಲಿ ನೂರಕ್ಕೆ ನೂರು. ಆ ಒಂದು ವಾರಕ್ಕೆ ಹಣ ಕೊಡುವಷ್ಟು ಗಂಟು ಊರಿನಲ್ಲಿ ಯಾರ ಬಳಿ ಇರುತ್ತದೆ ಎಂದು ಕೇಳಿದರೆ, ಬಯಲುಸೀಮೆಯಲ್ಲಿ ಬೆರಳು ತೋರುವುದು ದಲಾಲಿ ಅಂಗಡಿಯ ಕಡೆಗೆ, ಕರಾವಳಿಯಲ್ಲಿ ಮೀನಿನ ಏಜೆಂಟನ ಕಡೆಗೆ.